ಹುಡುಕುವ ಪೆಟ್ಟಿಗೆಯಲ್ಲಿ ಅಮ್ಮ

ಸೋಫಾ ಅಂಗಡಿಯ ಹಿಂದಿನ ಕೋಣೆ,
ಶುಕ್ರವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ? ಎಡಗಾಲಿನ ನೋವು ಹೇಗಿದೆ? ಕೆಮ್ಮಿನ ಸಂಗತಿ ಫೋನಿನಲ್ಲಿ ನೀನೇ ಹೇಳಿದ್ದೆ, ಸರಿ. ಕಾಲಿನ ಸಂಗತಿ ಇವಳಿಗೆ ಹೇಗೆ ಗೊತ್ತಾಯಿತು ಎಂದು ಈಗ ಹುಬ್ಬು ಮೇಲೇರಿಸಿರುತ್ತೀಯ. ಇಳಿಸು. ಟಿಕೆಟ್ ಕೌಂಟರಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ ಎಡಗಾಲೊಂದೇ ಯಾಕೆ ನೋಯುತ್ತದೆ ಎಂಬುದೂ ನನಗೆ ಗೊತ್ತು. ಮನೆಯಲ್ಲಿ ಹೇಳಿ ಹೋದಂತೆ ನೀನು ಕೌಂಟರಿನಲ್ಲಿ ಇಲ್ಲ. ಬಸ್ಸು ಓಡಿಸಲು ಕಲಿಯುತ್ತಿದ್ದೀಯ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲ ಉಸಿರಿಗೇ ಹೇಳಿಬಿಟ್ಟೆ. ಯಾರೂ ಚಾಡಿ ಹೇಳಲಿಲ್ಲ ಅಕ್ಕಾ. ನಿನ್ನ ಫೋನೇ ಹೇಳಿತು. ಅದು ಹೇಗೆ ಎಂಬುದೇ ಈ ಕಾಗದ.

ಫೋನು ಮಾಡಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿ ಗೋಡೆಗೆ ಮಾತ್ರವಲ್ಲ, ಕುಶನ್ನಿಗೂ ಕಿವಿ ಇದೆ. ನನ್ನ ಫೋನು ಹೆಸರಿಗೆ ನನ್ನದು. ಅಜ್ಜಿ ಅದರಲ್ಲಿ ಹಾಡು ಕೇಳುತ್ತಾಳೆ, ಚಿಕ್ಕಪ್ಪ ಅದರ ಕ್ಯಾಮೆರಾದಲ್ಲಿ ತನ್ನ ನೆತ್ತಿ ನೋಡಿಕೊಳ್ಳುತ್ತಾನೆ. ಕಾಗದವೊಂದೇ ನಿನ್ನ ಕೈಗೆ ಸೇರುವವರೆಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಶಾಲೆಯಲ್ಲಿ ಒಂದು ಬೆಂಚಿನ ಮೇಲೆ ಒಂದು ಪಾಠ ಮುಗಿಯುವವರೆಗೆ ಕೂರಲಾಗದೆ ಬಿಟ್ಟು ಬಂದವಳು ನಾನು. ಇಷ್ಟುದ್ದ ಬರೆಯುತ್ತಿದ್ದೇನೆ ಎಂದರೆ ವಿಷಯ ಎಷ್ಟು ಭಾರವಿರಬೇಕು ನೀನೇ ಲೆಕ್ಕ ಹಾಕು. ಮಧ್ಯೆ ಮಧ್ಯೆ ಎದ್ದು ಹೋಗಿ ಎರಡು ಸ್ಪ್ರಿಂಗು ಕಟ್ಟಿ ಬರುತ್ತೇನೆ, ಅಕ್ಷರ ಅಲ್ಲಲ್ಲಿ ಕುಣಿದಿದ್ದರೆ ಅದೇ ಕಾರಣ.

ಮನೆಯ ಸುದ್ದಿ ಮೊದಲು. ಅಜ್ಜಿ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ್ದನ್ನೇ ಕೇಳುತ್ತದೆ. ಮಾತ್ರೆ ತಗೋ ಅಂದರೆ ಕೇಳುವುದಿಲ್ಲ, ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದರೆ ಕೇಳುತ್ತದೆ. ಅಪ್ಪ ಎಂದಿನಂತೆ ಬಾಯಿ ತುಂಬ ಮೊಳೆ ಇಟ್ಟುಕೊಂಡು ಕೆಲಸ ಮಾಡುತ್ತಾರೆ, ಆದ್ದರಿಂದ ಹಗಲೆಲ್ಲ ‘ಹ್ಞೂಂ’, ‘ಊಹ್ಞೂಂ’ ಎರಡರಲ್ಲೇ ಸಂಸಾರ ನಡೆಯುತ್ತದೆ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಉದ್ದ ಸೋಫಾ ರಿಪೇರಿಗೆ ಬಂದಿದೆ. ಒಂದೇ ತುದಿ ಕುಸಿದಿದೆ. ಹಲ್ಲು ನೋವಿನವರೆಲ್ಲ ಬಾಗಿಲ ಹತ್ತಿರದ ತುದಿಯಲ್ಲೇ ಕೂರುತ್ತಾರಂತೆ, ಎದ್ದು ಓಡಲು ಅನುಕೂಲ. ಅದರ ಹೊಟ್ಟೆ ಬಿಚ್ಚಿದಾಗ ಒಂದು ಬಾಚಣಿಗೆ, ಮಗುವಿನ ಒಂಟಿ ಸಾಕ್ಸು, ಮಡಿಸಿದ ಒಂದು ಚೀಟಿ ಸಿಕ್ಕಿದವು. ಅಪ್ಪ ಚೀಟಿಯನ್ನು ಬಿಚ್ಚದೆ ಕವರಿಗೆ ಹಾಕಿ ಅಂಟಿಸಿದರು. ನಮ್ಮ ಅಂಗಡಿಯ ನಿಯಮ ನಿನಗೆ ಗೊತ್ತೇ ಇದೆ: ಸೋಫಾದ ಹೊಟ್ಟೆಯಲ್ಲಿ ಸಿಕ್ಕಿದ್ದು ಸೋಫಾದವರಿಗೆ. ಬಿಚ್ಚಿ ಓದಬಾರದು, ಊರಿಗೆ ಸಾರಬಾರದು, ಹಾಗೆಂದು ನಮ್ಮಲ್ಲೇ ಇಟ್ಟುಕೊಳ್ಳಲೂಬಾರದು. ಚಿಕ್ಕಪ್ಪ “ಪ್ರೇಮಪತ್ರ ಇರ್ಬೇಕು ಕಣೋ ಅಣ್ಣ, ಒಂದೇ ಒಂದು ಸಾಲು” ಎಂದು ಹಲ್ಲು ಕಿರಿದದ್ದಕ್ಕೆ ಅಪ್ಪ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, “ನಿನ್ನ ಹೊಟ್ಟೆ ಬಿಚ್ಚಿದ್ರೆ ಏನೇನು ಸಿಗುತ್ತೋ, ಅದನ್ನೂ ಓದ್ಲಾ?” ಅಂದರು. ಈ ನಿಯಮವನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಚಿತ್ರ. ಅಮ್ಮ ರಸ್ತೆ ದಾಟಲು ಕಲಿಯುತ್ತಿದ್ದಾಳೆ. ನಗಬೇಡ. ಯಾರದಾದರೂ ಕೈ ಹಿಡಿಯದೆ ಎದುರಿನ ನೂಲಿನ ಅಂಗಡಿಗೂ ಹೋಗದವಳು, ನೀನು ಸೈಕಲ್ ಕಲಿಯುವಾಗ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದವಳು, ಕೆಲವು ವಾರಗಳಿಂದ ದಿನಾ ಬೆಳಿಗ್ಗೆ ಕೆಂಪು ಕೊಡೆಯನ್ನು ಮಡಿಸಿ ಭರ್ಜಿಯ ಹಾಗೆ ಮುಂದಕ್ಕೆ ಚಾಚಿಕೊಂಡು ಒಬ್ಬಳೇ ಆಚೆ ಹೋಗಿ ಈಚೆ ಬರುತ್ತಾಳೆ. ಅಜ್ಜಿ ಮೆಟ್ಟಿಲ ಮೇಲೆ ಕೂತು “ಈಗ ಬಾ... ಬೇಡ ಬೇಡ, ಲಾರಿ... ಈಗ ಬಾ, ಅಯ್ಯೋ ಸ್ಕೂಟರ್!” ಎಂದು ಕೂಗುತ್ತಾಳೆ. ಅಜ್ಜಿಯ ಮಾತು ಕೇಳಿ ದಾಟಿದವರು ಯಾರೂ ಬದುಕುವುದಿಲ್ಲ, ಅಮ್ಮ ಕೇಳುವುದಿಲ್ಲ, ಅದರಿಂದ ಬದುಕಿದ್ದಾಳೆ. ಆಚೆ ಹೋದವಳು ಬರಿಗೈಲಿ ಬರುವುದು ಹೇಗೆ ಎಂದು ಪ್ರತಿ ಸಲವೂ ಒಂದು ಉಂಡೆ ಬಿಳಿ ನೂಲು ತರುತ್ತಾಳೆ. ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ನೂಲು.

ಈಗ ಕಂಪ್ಯೂಟರಿನ ಕಥೆ. ಅಂಗಡಿಯ ಮೂಲೆಯಲ್ಲಿ ಫೋಮ್ ಹಾಳೆಗಳ ಪಕ್ಕ ಅದು ಇನ್ನೂ ಹಾಗೇ ಕೂತಿದೆ, ಧೂಳು ಕೆಮ್ಮಿಕೊಂಡು. ಚಿಕ್ಕಪ್ಪನ ಸ್ವಭಾವ ನಿನಗೆ ಗೊತ್ತು, ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು. ಕೂದಲೆಣ್ಣೆ ಅಗ್ಗಕ್ಕೆ ಸಿಗುತ್ತದೆಂದು ಬ್ರೌಸರಿಗೆ ಯಾವುದೋ ‘ರಿಯಾಯಿತಿ ಹುಡುಕಿಕೊಡುವ ಸಹಾಯಕ’ನನ್ನು ಅಂಟಿಸಿಕೊಂಡ. ನೀವು ತೆರೆಯುವ ಎಲ್ಲ ಪುಟಗಳನ್ನೂ ಓದಲು, ಬದಲಿಸಲು ನನಗೆ ಅಪ್ಪಣೆಯೇ ಎಂದು ಅದು ಕೇಳಿತಂತೆ. ಚಿಕ್ಕಪ್ಪ ಹೌದು ಒತ್ತಿದ. “ಮರ್ಯಾದೆಯಾಗಿ ಕೇಳ್ತು ಕಣೇ, ಕೇಳಿದೋರಿಗೆ ಇಲ್ಲ ಅನ್ನೋದು ಹೇಗೆ?” ಎಂದು ಈಗಲೂ ವಾದಿಸುತ್ತಾನೆ. ಒಂದು ವಾರದೊಳಗೆ ಅಂಗಡಿಯ ಇಮೇಲಿನಿಂದ ಗಿರಾಕಿಗಳಿಗೆಲ್ಲ ‘ನೀವು ಚಿನ್ನದ ಗಡಿಯಾರ ಗೆದ್ದಿದ್ದೀರಿ, ಇಲ್ಲಿ ಒತ್ತಿ’ ಎಂದು ಓಲೆ ಹೋಯಿತು. ಡಾಕ್ಟರಮ್ಮ ಬಂದು ಎಡಗೈ ಮುಂದೆ ಚಾಚಿ, “ಕಟ್ಟಿ ನೋಡೋಣ, ಅಳತೆ ಸರಿಯಿದ್ಯಾ” ಅಂದರು. ಅವರು ನಗುತ್ತಿದ್ದರು. ಅಪ್ಪ ಒಂದು ಮೊಳೆ ನುಂಗುವುದರಲ್ಲಿದ್ದರು.

ಅಂದು ಅಪ್ಪ ನನ್ನ ಕಡೆ ಸುತ್ತಿಗೆ ತೋರಿಸಿ ಅಪ್ಪಣೆ ಮಾಡಿದರು: “ಇದನ್ನ ಸರಿ ಮಾಡು. ಒಳ್ಳೇದು ನೋಡಿ ಹಾಕು. ಬಟ್ಟೆ ನೋಡಿ ತರಬೇಡ, ತಿರುಗಿಸಿ ತಳ ನೋಡು.” ಸೋಫಾ ಕೊಳ್ಳುವವರಿಗೆಲ್ಲ ಅವರು ಹೇಳುವ ಮಾತೇ ಅದು. ಮೇಲೆ ಮಖಮಲ್ಲು ಹೊಳೆಯುತ್ತಿರುತ್ತದೆ, ತಿರುಗಿಸಿದರೆ ಭಾರ ಹೊರುವ ಪಟ್ಟಿಯ ಬದಲು ರಟ್ಟು. ಮೊದಲು ನನ್ನ ಫೋನಿನಿಂದ ಅಂಗಡಿಯ ಇಮೇಲಿನ ಪಾಸ್‌ವರ್ಡ್ ಬದಲಿಸಿದೆ, ಆ ಸಹಾಯಕನನ್ನು ಕಿತ್ತು ಬಿಸಾಕಿದೆ. ಆಮೇಲೆ ಒಂದೊಂದೇ ಬ್ರೌಸರನ್ನು ತಂದು ಬೋರಲು ಹಾಕಿ ನೋಡತೊಡಗಿದೆ.

ನಾನು ಏನು ಕಂಡೆ ಎಂದು ನಿನಗೂ ಹೇಳುತ್ತೇನೆ, ನಿನಗೂ ಬೇಕು. ಮೊದಲನೆಯದಾಗಿ ಎಲ್ಲವೂ ಪುಕ್ಕಟೆ. ಪುಕ್ಕಟೆ ಕೊಡುವವನು ಹೊಟ್ಟೆಗೆ ಏನು ತಿನ್ನುತ್ತಾನೆ ಎಂದು ಕೇಳಿದರೆ ಅರ್ಧ ಗುಟ್ಟು ಅಲ್ಲೇ ಸಿಗುತ್ತದೆ. ಕೆಲವು ನಾವು ನೋಡಿದ್ದನ್ನೇ ಜಾಹೀರಾತಿನವರಿಗೆ ಬಡಿಸುತ್ತವೆ. ಬೇರೆ ಬೇರೆ ಹೆಸರಿನ ಹಲವು ಬ್ರೌಸರುಗಳ ಹೊಟ್ಟೆಯೊಳಗಿನ ಯಂತ್ರ ಒಂದೇ, ಅಳಿಯ ಅಲ್ಲ ಮಗಳ ಗಂಡ. ಆದರೂ ಸ್ವಭಾವ ಬೇರೆ. ಒಂದು ತನ್ನನ್ನು ‘ಜಗತ್ತಿನಲ್ಲೇ ಭದ್ರ’ ಎಂದು ಕರೆದುಕೊಂಡಿತ್ತು, ತಿರುಗಿಸಿ ನೋಡಿದರೆ ಹೋದ ವರ್ಷದಿಂದ ಅಪ್‌ಡೇಟೇ ಇಲ್ಲ. ಬೀಗ ಮಾಡಿದವನು ಊರು ಬಿಟ್ಟ ಮೇಲೆ ಆ ಬೀಗ ಯಾರಿಗೆ ಬೇಕು? ಇನ್ನೊಂದು ಎಷ್ಟು ಬಿಗಿಯೆಂದರೆ ಬಟ್ಟೆ ವ್ಯಾಪಾರಿಯ ಪುಟವೇ ತೆರೆಯಲಿಲ್ಲ. ಅಪ್ಪ ಬಂದು ನೋಡಿ, “ಬಾಗಿಲೇ ಇಲ್ಲದ ಮನೆಗೆ ಕಳ್ಳ ಬರಲ್ಲ, ನಿಜ. ನಾವೂ ಹೋಗಕ್ಕಾಗಲ್ಲ” ಎಂದು ಹೊರಟುಹೋದರು. ಕಂಪ್ಯೂಟರಿನ ಜೊತೆ ಬಂದದ್ದು ಓಟದಲ್ಲಿ ಚುರುಕು, ಆದರೆ ಕೇಳದೆಯೇ ಎಲ್ಲದಕ್ಕೂ ಹೌದು ಎಂದು ಮೊದಲೇ ಗುರುತು ಹಾಕಿಕೊಂಡಿತ್ತು, ಥೇಟ್ ಚಿಕ್ಕಪ್ಪ.

ಇದೆಲ್ಲ ನಡೆಯುವಾಗ ಮನೆಮಂದಿಯೆಲ್ಲ ನನ್ನ ಬೆನ್ನ ಹಿಂದೆ ಕೂತು, ಮನೆಗೆ ಬಾಡಿಗೆದಾರನನ್ನು ಆರಿಸುವವರ ಹಾಗೆ ತೀರ್ಪು ಕೊಡುತ್ತಿದ್ದರು. ಗುಪ್ತ ಕಿಟಕಿ ತೆರೆದು ತೋರಿಸಿದೆ, ಟೋಪಿ ಕನ್ನಡಕದ ಚಿತ್ರ ಬಂತು. ಅಜ್ಜಿ “ಇವನ ಮುಖ ನೋಡಿದ್ರೇ ಗೊತ್ತಾಗುತ್ತೆ, ಬೇಡ” ಅಂದಳು. ಚಿಕ್ಕಪ್ಪನಿಗೆ ಮಾತ್ರ ಕಣ್ಣರಳಿತು: “ಅಂದ್ರೆ ಇದ್ರಲ್ಲಿ ನೋಡಿದ್ದು ಯಾರಿಗೂ ಗೊತ್ತಾಗಲ್ವಾ?” ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅದು ಎಂದು ವಿವರಿಸಿದೆ. ಮನೆಯವರಿಗೆ ಕಾಣದ ಹಾಗೆ ಇಲ್ಲಿನ ಗುರುತು ಅಳಿಸುತ್ತದೆ, ಅಷ್ಟೇ. ಆ ಪುಟ ನಡೆಸುವವನಿಗೆ, ಇಂಟರ್ನೆಟ್ಟಿನ ತಂತಿ ಎಳೆದವನಿಗೆ ಕಾಣುವುದು ಕಾಣುತ್ತಲೇ ಇರುತ್ತದೆ. ವಿಳಾಸದ ಪಕ್ಕದ ಬೀಗದ ಚಿತ್ರವೂ ಹಾಗೆಯೇ. ದಾರಿಯಲ್ಲಿ ಯಾರೂ ಕದ್ದು ಕೇಳುವುದಿಲ್ಲ ಎಂದರ್ಥವೇ ಹೊರತು ಆ ತುದಿಯಲ್ಲಿರುವವನು ಒಳ್ಳೆಯವನು ಎಂದಲ್ಲ. ಕಳ್ಳನ ಮನೆಗೂ ಬೀಗ ಇರುತ್ತದೆ. ಕೊನೆಗೆ ಅಜ್ಜಿ ಒಂದು ಮಾತು ಅಂದಳು: “ಅಷ್ಟೆಲ್ಲ ಯಾಕೆ? ಅವನಿಗೆ ಮರೆವು ಇದ್ಯಾ ಇಲ್ವಾ ಕೇಳು. ಮನೆಗೆ ಬಂದೋನು ಕಂಡಿದ್ದನ್ನ ಹೊಸ್ತಿಲಲ್ಲೇ ಮರೀಬೇಕು.” ಆ ಲೆಕ್ಕದಲ್ಲೇ ಒಂದನ್ನು ಆರಿಸಿದೆ. ಒಂದು ಪುಟದವನು ಇನ್ನೊಂದು ಪುಟಕ್ಕೆ ನಮ್ಮ ಬಾಲ ಹಿಡಿದು ಬರದಂತೆ ಅದು ಮೊದಲ ದಿನದಿಂದಲೇ ತಡೆಯುತ್ತದೆ, ತಾನಾಗಿ ಅಪ್‌ಡೇಟ್ ಆಗುತ್ತದೆ, ಮುಚ್ಚಿದಾಗ ಮರೆ ಅಂದರೆ ಮರೆಯುತ್ತದೆ, ದುಡ್ಡು ಎಲ್ಲಿಂದ ಎಂದು ಕೇಳಿದರೆ ಮುಖ ತಿರುಗಿಸುವುದಿಲ್ಲ. ನನಗೆ ಅರ್ಥವಾಗದ್ದು ಇನ್ನೂ ಬೆಟ್ಟದಷ್ಟಿದೆ, ಆದರೆ ತಳ ನೋಡಿದೆ, ಪಟ್ಟಿ ಗಟ್ಟಿಯಿದೆ.

ಹೊಸದನ್ನು ಹಾಕುವಾಗ ಅದು ಕೇಳಿತು: ಹಳೆಯ ಬ್ರೌಸರಿನಿಂದ ಸಾಮಾನು ತರಲೇ, ಯಾರ ಸಾಮಾನು ಎಂದು. ಅಲ್ಲಿ ಇದ್ದದ್ದು ಒಂದೇ ಹೆಸರು, ನಿನ್ನದು. ಪಕ್ಕದಲ್ಲಿ ಪುಟ್ಟ ದುಂಡನೆಯ ನಿನ್ನ ಮುಖ. ಹೊರಡುವ ಹಿಂದಿನ ದಿನ, ಕೆಲಸಕ್ಕೆ ಕರೆದ ಪತ್ರವನ್ನು ಪ್ರಿಂಟ್ ಮಾಡಲು ನೀನು ಇಲ್ಲಿ ಲಾಗಿನ್ ಆಗಿದ್ದೆ, ನೆನಪಿದೆಯೇ? ನೀನು ಹೋದೆ, ನಿನ್ನ ಲಾಗಿನ್ ಹೋಗಲಿಲ್ಲ. ಅಂದಿನಿಂದ ಮನೆಯವರೆಲ್ಲ ನಿನ್ನ ಅಂಗಿ ತೊಟ್ಟುಕೊಂಡೇ ಕಂಪ್ಯೂಟರ್ ನಡೆಸಿದ್ದೇವೆ. ನಾವಿಲ್ಲಿ ಹುಡುಕಿದ್ದು ನಿನ್ನ ಫೋನಿಗೆ, ನೀನಲ್ಲಿ ಹುಡುಕಿದ್ದು ನಮ್ಮ ಮೂಲೆಗೆ. “ನನ್ ಫೋನಿಗೆ ಹುಚ್ಚು ಹಿಡಿದಿದೆ ಕಣೇ, ಒಂದು ದಿನ ಸೋಫಾ ಸ್ಪ್ರಿಂಗ್ ತಗೋ ಅನ್ನುತ್ತೆ, ಒಂದು ದಿನ ಬೋಳುತಲೆಗೆ ಎಣ್ಣೆ ತಗೋ ಅನ್ನುತ್ತೆ” ಎಂದು ನೀನೇ ನಕ್ಕಿದ್ದೆಯಲ್ಲ. ಹುಚ್ಚಲ್ಲ ಅಕ್ಕಾ. ಅದು ಚಿಕ್ಕಪ್ಪನ ತಲೆ.

ಏನು ಉಳಿದಿದೆ ಎಂದು ನೋಡಲು ಹಳೆಯ ಹುಡುಕಾಟಗಳ ಚರಿತ್ರೆಯ ಪುಟ ತೆರೆದೆ. ನಿನ್ನದು ಎಂದು ಗೊತ್ತಾದ ತಕ್ಷಣ ಮುಚ್ಚಿದೆ, ಆದರೆ ಕೈ ಮುಚ್ಚುವಷ್ಟರಲ್ಲಿ ಕಣ್ಣು ಓದಿಬಿಟ್ಟಿತ್ತು. ಏನೇನು ಕಣ್ಣಿಗೆ ಬಿತ್ತೋ ಅಷ್ಟನ್ನೂ ಇಲ್ಲಿ ಬರೆಯುತ್ತೇನೆ, ನಿನ್ನಿಂದ ಮುಚ್ಚಿಟ್ಟರೆ ಅದು ಇನ್ನೊಂದು ಕಳ್ಳತನ. ಉದ್ದ ಬಸ್ಸನ್ನು ಹಿಂದಕ್ಕೆ ತಿರುಗಿಸುವುದು ಹೇಗೆ. ಕ್ಲಚ್ ತುಳಿದು ಎಡಗಾಲು ನೋವು. ಪಾತ್ರೆಯ ತಳ ಕಪ್ಪಾಗಿ ಹಿಡಿದರೆ. ಚಾಲನಾ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರು. ಎಲ್ಲರೂ ನೋಡುತ್ತಿರುವಾಗ ಕಾಲು ನಡುಗಿದರೆ ಏನು ಮಾಡಬೇಕು. ಕೊನೆಗೆ ಪರೀಕ್ಷೆಯ ಪುಟ, ಬರುವ ಗುರುವಾರ ಬೆಳಿಗ್ಗೆ, ತರಬೇತಿ ಮೈದಾನದ ಗೇಟಿನಿಂದ. ಅಷ್ಟೇ. ಇವುಗಳ ನಡುನಡುವೆ ಇನ್ನೂ ಕೆಲವು ಸಾಲು ಇದ್ದವು, ಅವು ನೀನು ಬರೆದದ್ದಲ್ಲ. ‘ಬಿಸಿನೀರು ಹಾಕಿ ನೆನೆಬಿಡು ಕೆರೆಯಬೇಡ.’ ‘ಉಪ್ಪು ನೀರಲ್ಲಿ ಕಾಲಿಡು ಮಗಳೇ.’ ‘ಖಾಲಿ ಹೊಟ್ಟೇಲಿ ಓಡಿಸಬೇಡ.’ ಹುಡುಕುವ ಪೆಟ್ಟಿಗೆಯಲ್ಲಿ ಯಾವ ತಾಯಿಯಾದರೂ ಹೀಗೆ ಬರೆಯುತ್ತಾಳೆಯೇ? ನಮ್ಮ ತಾಯಿ ಬರೆಯುತ್ತಾಳೆ.

ನಾನು ನೇರ ಹೋಗಿ ಕೇಳಿದೆ. ಅಮ್ಮ ಕುಶನ್ ಕವರಿಗೆ ಜಿಪ್ಪು ಹೊಲಿಯುತ್ತಿದ್ದಳು. ಮುಖ ನೋಡಿದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡ ಹಾಗಿತ್ತು. ಎಷ್ಟೋ ತಿಂಗಳ ಹಿಂದೆ, ಕುಶನ್ನಿನ ಗುಂಡಿ ಹುಡುಕಲು ಕಂಪ್ಯೂಟರಿನ ಮುಂದೆ ಕೂತಾಗ ಹುಡುಕುವ ಪೆಟ್ಟಿಗೆ ತಾನಾಗಿ ಬಸ್ಸು ತಿರುಗಿಸುವ ಮಾತು ತೆಗೆಯಿತಂತೆ. ಮೈದುನನಿಗೆ ತಲೆ ಕೆಟ್ಟಿತು ಅಂದುಕೊಂಡಳಂತೆ. ಅದೇ ವಾರ ನೀನು ಫೋನಿನಲ್ಲಿ ಪಾತ್ರೆ ಸುಟ್ಟೆ ಎಂದು ನಕ್ಕೆ, ಪೆಟ್ಟಿಗೆಯೂ ಅದನ್ನೇ ಹೇಳಿತು, ಅಲ್ಲಿಗೆ ತಾಳೆಯಾಯಿತು. ಅಂದಿನಿಂದ ಅಪ್ಪ ಅಂಗಡಿಯ ಬಾಗಿಲು ತೆಗೆಯುವ ಮೊದಲು ದಿನಾ ಬಂದು ನಿನ್ನನ್ನು ಓದುತ್ತಿದ್ದಳು. “ಓದ್ತಿರ್ಲಿಲ್ಲ ಕಣೇ, ಕೇಳಿಸ್ಕೊಳ್ತಿದ್ದೆ” ಎನ್ನುತ್ತಾಳೆ. “ಅವಳು ಕೇಳ್ತಾಳೆ, ನಾನು ಹೇಳ್ತೀನಿ. ಮಾರನೇ ದಿನ ಅದೇ ಪ್ರಶ್ನೆ ಮತ್ತೆ ಕೇಳಲ್ಲ. ಅಂದ್ರೆ ಮುಟ್ಟಿದೆ ಅಂತ ತಾನೇ?” ಮುಟ್ಟಿತ್ತಾ ಅಕ್ಕಾ? ಉಪ್ಪು ನೀರಿನಲ್ಲಿ ಕಾಲಿಟ್ಟೆಯಾ?

ಆದರೂ ನಾನು ಬಿಡಲಿಲ್ಲ. ಇದನ್ನು ಕಡಿಯಬೇಕು, ಅಕ್ಕನಿಗೆ ಹೇಳಬೇಕು ಅಂದೆ. ಸೋಫಾದ ಹೊಟ್ಟೆಯಲ್ಲಿ ಸಿಕ್ಕಿದ್ದು ಸೋಫಾದವರಿಗೆ ಅಂದೆ. “ಅದು ಗಿರಾಕಿಗಳಿಗೆ. ಹೆತ್ತೋರಿಗಲ್ಲ” ಎಂದಳು ಅಮ್ಮ. ಸೂಜಿಯನ್ನು ಕುಶನ್ನಿಗೆ ಚುಚ್ಚಿ ನನ್ನ ಕಡೆ ತಿರುಗಿದಳು: “ಅವಳು ಕೂಸಾಗಿದ್ದಾಗ, ಮಲಗಿದ್ರೂ ಮೂಗಿನ ಹತ್ರ ಬೆರಳಿಟ್ಟು ಉಸಿರು ಬರ್ತಿದ್ಯಾ ಅಂತ ನೋಡ್ತಿದ್ದೆ. ಅವಳ ಅಪ್ಪಣೆ ಕೇಳಿದ್ನಾ? ಇದೂ ಅಷ್ಟೇ.” ಆದರೂ ಹೇಳಿದೆ, “ಆಗ ಅವಳಿಗೆ ಮಾತು ಬರ್ತಿರ್ಲಿಲ್ಲಮ್ಮ. ಈಗ ಬರುತ್ತೆ.” ಅಮ್ಮ ಜಿಪ್ಪನ್ನು ಎಳೆದು ಮುಚ್ಚಿದಳು, ತೆರೆದಳು. “ಬರುತ್ತೆ. ನನ್ನತ್ರ ಆಡಲ್ಲ. ನಾನು ಹೆದರ್ತೀನಿ ಅಂತ ಆಡಲ್ಲ. ನೀನು ಹೇಳಿದ್ರೆ ಅವಳು ಆ ಬಾಗಿಲೂ ಹಾಕ್ಕೊಳ್ತಾಳೆ, ನಂಗೆ ಉಳಿಯೋದು ‘ಚೆನ್ನಾಗಿದೀನಮ್ಮ’ ಒಂದೇ.” ಅವಳು ಹೇಳಿದ್ದು ಸುಳ್ಳಲ್ಲ, ನೀನೂ ಒಪ್ಪುತ್ತೀಯ. ನೀನು ಅವಳ ಹೆದರಿಕೆಗೆ ಹೆದರಿ ಮುಚ್ಚಿಟ್ಟೆ. ತನಗೆ ಗೊತ್ತೆಂದು ನಿನಗೆ ಗೊತ್ತಾದರೆ ನೀನು ಹೆದರುತ್ತೀಯ ಎಂದು ಅವಳು ಮುಚ್ಚಿಟ್ಟಳು. ಇಬ್ಬರ ಮಧ್ಯೆ ಎಲ್ಲ ಗೊತ್ತಿದ್ದು ಬಾಯಿ ಬಿಡದೆ ಇದ್ದದ್ದು ಆ ಪೆಟ್ಟಿಗೆಯೊಂದೇ ಅಂದುಕೊಂಡಿದ್ದರೆ ತಪ್ಪು, ಅದು ಊರಿನ ಜಾಹೀರಾತಿನವರಿಗೆಲ್ಲ ಬಾಯಿ ಬಿಡುತ್ತಲೇ ಇತ್ತು. ಇದನ್ನು ಹೇಳಿದಾಗ ಅಮ್ಮನಿಗೆ ನಾಟಿತು. “ಅವಳ ಕಾಲು ನೋವು ಎಣ್ಣೆ ಮಾರೋನಿಗೆ ಯಾಕೆ ಗೊತ್ತಾಗ್ಬೇಕು?” ಎಂದು ಕೆರಳಿದಳು. ಚಿಕ್ಕಪ್ಪನ ಸಹಾಯಕನೂ ಅದೇ ಅಂಗಿಯ ಜೇಬಿನಲ್ಲಿ ಕೂತಿದ್ದನಲ್ಲ, ಅವನು ಏನೇನು ಓದಿದನೋ ಅಂದಾಗ ಎದ್ದೇಬಿಟ್ಟಳು.

ಮೊನ್ನೆ ಬುಧವಾರ ಬೆಳಿಗ್ಗೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಒಂದು ಸಾಲು ಬರೆಯಲು ಬಿಡು ಅಂದಳು. ಒಂದೊಂದೇ ಬೆರಳಿನಿಂದ ಒತ್ತಿ ‘ಹೆದರಬೇಡ’ ಎಂದು ಹುಡುಕುವ ಪೆಟ್ಟಿಗೆಯಲ್ಲಿ ಬರೆದಳು. ಎಂಟರ್ ಒತ್ತಿದಳು. ಲಕ್ಷಗಟ್ಟಲೆ ಉತ್ತರ ಬಂದವು, ಒಂದನ್ನೂ ನೋಡಲಿಲ್ಲ. ಆಮೇಲೆ ನಾನು ನಿನ್ನನ್ನು ಅಲ್ಲಿಂದ ಲಾಗೌಟ್ ಮಾಡಿ, ಈ ಕಂಪ್ಯೂಟರಿನಲ್ಲಿ ಉಳಿದಿದ್ದ ನಿನ್ನ ಗುರುತನ್ನೆಲ್ಲ ಅಳಿಸಿದೆ. ನಿನ್ನ ದುಂಡು ಮುಖ ಹೋಗಿ ಅಲ್ಲೊಂದು ಬೂದು ಚಿತ್ರ ಬಂತು. ನಿನ್ನೆ ಬೆಳಿಗ್ಗೆ ಅಮ್ಮ ಅಭ್ಯಾಸಬಲದಿಂದ ಬಂದು ಹೊಸ ಬ್ರೌಸರಿನ ಬಿಳಿ ಪುಟದ ಮುಂದೆ ಕೂತಳು. “ಇದ್ರಲ್ಲಿ ಯಾರೂ ಇಲ್ಲ” ಅಂದಳು. ಅಜ್ಜಿ ಹೊರಗಿನ ಮೆಟ್ಟಿಲಿನಿಂದಲೇ, “ಇರಬಾರದು ಅಂತ್ಲೇ ಅಲ್ವೇ ತಂದಿದ್ದು” ಅಂದಳು. ಅಜ್ಜಿಗೆ ಇದೊಂದು ಹೇಗೆ ಕೇಳಿಸಿತೋ!

ಈಗ ನಿನ್ನ ಪಾಲಿನ ಕೆಲಸ. ಇಂದೇ ನಿನ್ನ ಪಾಸ್‌ವರ್ಡ್ ಬದಲಿಸು, ಮನೆಯವರ ಹೆಸರು, ಹುಟ್ಟಿದ ದಿನ ಯಾವುದೂ ಬೇಡ. ಎಲ್ಲ ಕಡೆಯಿಂದ ಲಾಗೌಟ್ ಆಗು ಎಂಬ ಗುಂಡಿ ಇರುತ್ತದೆ, ಒತ್ತು. ಪಾಸ್‌ವರ್ಡಿನ ಮೇಲೆ ಫೋನಿಗೆ ಗುಪ್ತಸಂಖ್ಯೆ ಬರುವ ಎರಡನೇ ಚಿಲಕವನ್ನೂ ಹಾಕಿಕೋ. ತರಬೇತಿಯ ಹಾಸ್ಟೆಲಿನಲ್ಲಿ ಎಲ್ಲರೂ ಬಳಸುವ ಕಂಪ್ಯೂಟರಿದ್ದರೆ ಅದರಲ್ಲಿ ಲಾಗಿನ್ ಆಗಲೇಬೇಡ. ಯಾವ ಬ್ರೌಸರು ಎಂದು ನಾನು ಹೇಳುವುದಿಲ್ಲ, ನಿನ್ನ ಫೋನು ನಿನ್ನದು. ತಿರುಗಿಸಿ ತಳ ನೋಡು, ನೀನೇ ಆರಿಸು. ನನ್ನ ಕಣ್ಣಿಗೆ ಬಿದ್ದದ್ದನ್ನು ಅಪ್ಪನಿಗೂ ಹೇಳಿಲ್ಲ, ಚಿಕ್ಕಪ್ಪನಿಗೂ ಹೇಳಿಲ್ಲ. ಅಪ್ಪ ಕೇಳಿದರೆ ಸುಳ್ಳು ಹೇಳುವುದಿಲ್ಲ, ಆದರೆ ಇದುವರೆಗೆ ಅವರು ಕೇಳಿರುವುದು ಸ್ಪ್ರಿಂಗು ಬಂತಾ ಎಂದು ಮಾತ್ರ. ಅದಕ್ಕೆ ಮೊದಲು ನೀನೇ ಹೇಳಿದರೆ ಚೆನ್ನ. ಅಪ್ಪ ‘ಹ್ಞೂಂ’ ಎನ್ನುತ್ತಾರೆ ನೋಡುತ್ತಿರು, ಮೊಳೆ ತೆಗೆದು ಎರಡು ಸಲ ಅನ್ನಲೂಬಹುದು. ಇಲ್ಲಿ ನಿನ್ನ ಹೊಟ್ಟೆಯಿಂದ ಬಿದ್ದದ್ದನ್ನೆಲ್ಲ ಈ ಕವರಿಗೆ ಹಾಕಿ ಅಂಟಿಸುತ್ತಿದ್ದೇನೆ. ಎಣಿಸಿಕೋ. ಸಿಟ್ಟು ಬಂದರೆ ನನಗೆ ಬೈ, ಅಮ್ಮನಿಗೆ ಬೈಯಬೇಡ.

ಅಜ್ಜಿ ನಿನ್ನ ತಲೆ ಸವರಿದ್ದೇನೆ ಎಂದು ಬರೆ ಅಂದಳು, ಸವರಿದ್ದಾಳೆ ಅಂದುಕೋ. ಅಪ್ಪನ ಒಂದು ‘ಹ್ಞೂಂ’ ಇದೆ. ಚಿಕ್ಕಪ್ಪ ಎಣ್ಣೆ ಬಂತು, ಕೂದಲು ಇನ್ನೂ ಬಂದಿಲ್ಲ ಎಂದು ತಿಳಿಸಲು ಹೇಳಿದ್ದಾನೆ. ನನ್ನದು ಎಂದಿನ ಹಾಗೆ ತೋಳು ತುಂಬ ಪ್ರೀತಿ, ಜೊತೆಗೆ ಬೆನ್ನಿಗೊಂದು ಗುದ್ದು, ನನಗೂ ಹೇಳದೆ ಬಸ್ಸು ಹತ್ತಿದ್ದಕ್ಕೆ.

ಒಂದು ಕಡೆ ನಿಲ್ಲದ ನಿನ್ನ ತಂಗಿ,
ಬುಗುರಿ

ತಾ.ಕ.: ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ, ಅಂಚೆಯವನು ಬರುವ ಹೊತ್ತು, ಗೀಚುತ್ತೇನೆ. ಹೊಸ ಬ್ರೌಸರಿನಲ್ಲಿ ಅಮ್ಮ ನನ್ನಿಂದ ಮಾಡಿಸಿದ ಮೊದಲ ಕೆಲಸ ನಿನ್ನ ಊರಿಗೆ ಒಂದು ಟಿಕೆಟ್. ಈಗಷ್ಟೇ. ಬುಧವಾರ ಹೊರಡುತ್ತಾಳೆ, ಒಬ್ಬಳೇ. ಗುರುವಾರ ನೀನು ಬಸ್ಸು ಹತ್ತುವಾಗ ಮೈದಾನದ ಗೇಟಿನ ಎದುರು, ರಸ್ತೆಯ ಆ ಬದಿಯಲ್ಲಿ, ನಿನಗೆ ಕಾಣದ ಹಾಗೆ ನಿಲ್ಲುತ್ತಾಳಂತೆ. ನೂಲಿನ ಉಂಡೆಗಳೆಲ್ಲ ಇದಕ್ಕೇ ಎಂದು ಈಗ ತಿಳಿಯಿತು. ಪರೀಕ್ಷೆಯ ದಿನ ಗೊತ್ತಾದಾಗಿನಿಂದ ಅಭ್ಯಾಸ ಮಾಡುತ್ತಿದ್ದಾಳೆ. “ಅವಳಿಗೆ ಹೇಳಬೇಡ” ಅಂದಳು, “ಹೇಳ್ತೀನಿ” ಅಂದೆ, ಕುಶನ್ ಬೀಸಿ ಒಗೆದಳು. ಹೇಳದಿದ್ದರೆ ಸ್ಟಿಯರಿಂಗ್ ಹಿಡಿದಾಗ ತಟ್ಟನೆ ಅವಳನ್ನು ಕಂಡು ನಿನ್ನ ಕಾಲು ನಡುಗೀತು ಎಂದು ನನಗೆ ಭಯ. ಕಾಣದ ಹಾಗೆ ನಿಲ್ಲುವುದು ಅವಳಿಗೆ ಬರುವುದಿಲ್ಲ, ಕೊಡೆ ಕೆಂಪು. ನಮ್ಮ ರಸ್ತೆ ದಾಟುತ್ತಾಳೆ, ನಿಮ್ಮ ಊರಿನ ರಸ್ತೆ ಅಗಲ ಇರಬಹುದು. ಕೊಡೆ ಚಾಚಿಕೊಂಡು ಅಂಚಿನಲ್ಲೇ ನಿಂತುಬಿಟ್ಟಿದ್ದರೆ ಬಸ್ಸು ನಿಲ್ಲಿಸು. ನಡೆದು ಹೋಗುವವರಿಗೆ ದಾರಿ ಬಿಟ್ಟರೆ ಪರೀಕ್ಷಕರಿಗೆ ಇಷ್ಟವೇ ಅಂತೆ, ನಾನೇ ಹುಡುಕಿ ನೋಡಿದೆ. ಅದು ನಿನ್ನ ಫೋನಿಗೆ ಬರುವುದಿಲ್ಲ, ಅದಕ್ಕೆ ಬರೆದೆ. ಅವಳು ಪೂರ್ತಿ ದಾಟಲಿ. ಆಮೇಲೆ ಕ್ಲಚ್ ಬಿಡು.